ಜಾಗ್ವಾರ್ ಇ-ಟೈಪ್: ಬಣ್ಣ ನೋಡುವ ಮೊದಲು ಟೈರ್ ನೋಡಿ!

ಕಾರಮಡೈ: ಕೊಯಮತ್ತೂರಿನಿಂದ ಊಟಿಗೆ ಹೊರಟ ಹೆಚ್ಚಿನ ಕಾರುಗಳು ನಮ್ಮ ಊರು ದಾಟಿಯೇ ಮೆಟ್ಟುಪಾಳ್ಯಂ ಸೇರಬೇಕು. ಸೀಸನ್ನಿನಲ್ಲಿ ಹಳೆಯ ಕಾರೊಂದು ಹೋದರೆ ಟೀ ಅಂಗಡಿಯಲ್ಲಿ ಕೂತವರೆಲ್ಲ ತಲೆಯೆತ್ತುತ್ತಾರೆ. ಬಣ್ಣ ನೋಡುತ್ತಾರೆ, ದೀಪ ನೋಡುತ್ತಾರೆ, ಹಾರ್ನ್ ಕೇಳಿ ನಗುತ್ತಾರೆ. ಟೈರನ್ನು ಮಾತ್ರ ಯಾರೂ ನೋಡುವುದಿಲ್ಲ.

ಆದರೆ ಹಳೆಯ ಕಾರಿನ ಅರ್ಧ ಚರಿತ್ರೆ ಟೈರಿನಲ್ಲಿಯೇ ಇರುತ್ತದೆ. ಇದಕ್ಕೆ ಬ್ರಿಟನ್ನಿನ ಜಾಗ್ವಾರ್ ಇ-ಟೈಪ್ ಎಂಬ ಸ್ಪೋರ್ಟ್ಸ್ ಕಾರು ಒಳ್ಳೆಯ ಉದಾಹರಣೆ.

ವಿಮಾನದವರು ಕಟ್ಟಿದ ಕಾರು

ಇ-ಟೈಪ್ ಮೊದಲು ಕಾಣಿಸಿಕೊಂಡದ್ದು 1961ರ ಮಾರ್ಚ್‌ನಲ್ಲಿ, ಜಿನೀವಾದಲ್ಲಿ. ಕಂಪನಿಯ ಯಜಮಾನರು ಸರ್ ವಿಲಿಯಂ ಲಯನ್ಸ್. ಕಾರಿನ ಉದ್ದ ಮೂತಿಯ ಮೈಕಟ್ಟು ರೂಪಿಸಿದವರು ಮಾಲ್ಕಮ್ ಸೇಯರ್. ಇವರು ಅದಕ್ಕೂ ಮೊದಲು ವಿಮಾನ ಕಂಪನಿಯಲ್ಲಿ ಕೆಲಸ ಮಾಡಿದವರು. 3.8 ಲೀಟರಿನ ಆರು ಸಿಲಿಂಡರ್ ಎಂಜಿನ್. ಗಂಟೆಗೆ 150 ಮೈಲಿ, ಅಂದರೆ ಸುಮಾರು 240 ಕಿ.ಮೀ. ವೇಗ ಎಂದು ಕಂಪನಿ ಹೇಳಿಕೊಂಡಿತು. ನಮ್ಮ ಅಂಬಾಸಿಡರ್ ನೂರು ಮುಟ್ಟಲು ಏದುಸಿರು ಬಿಡುತ್ತಿದ್ದ ಕಾಲವದು!

1964ರಲ್ಲಿ 4.2 ಲೀಟರಿನ ಎಂಜಿನ್ ಬಂತು, 1971ರಲ್ಲಿ ಹನ್ನೆರಡು ಸಿಲಿಂಡರಿನದು. 1974ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 72 ಸಾವಿರಕ್ಕೂ ಹೆಚ್ಚು ಕಾರುಗಳು ಹೊರಬಂದಿದ್ದವು. ಜಾಗ್ವಾರ್ ಕಂಪನಿಯನ್ನು 2008ರಲ್ಲಿ ನಮ್ಮ ಟಾಟಾ ಮೋಟಾರ್ಸ್ ಕೊಂಡದ್ದು ಎಲ್ಲರಿಗೂ ಗೊತ್ತೇ ಇದೆ.

ಡನ್ಲಪ್ ಜತೆಗಿನ ನಂಟು

ಜಾಗ್ವಾರ್ ಮತ್ತು ಡನ್ಲಪ್ ಹಳೆಯ ಜೋಡಿ. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಓಟವನ್ನು ಗೆದ್ದ ಜಾಗ್ವಾರ್ ಸಿ-ಟೈಪ್‌ಗೆ ಡನ್ಲಪ್‌ನ ಡಿಸ್ಕ್ ಬ್ರೇಕ್ ಇತ್ತು. ಇಂದು ಬೈಕಿನಲ್ಲೂ ಇರುವ ಡಿಸ್ಕ್ ಬ್ರೇಕ್ ಅಂದು ಹೊಸ ಸಂಗತಿ.

ಇ-ಟೈಪ್‌ಗೆ ಮೊದಲು ಬಂದದ್ದು 6.40-15 ಅಳತೆಯ ಡನ್ಲಪ್ ಕ್ರಾಸ್-ಪ್ಲೈ ಟೈರ್. 1960ರ ದಶಕ ಕಳೆಯುವುದರೊಳಗೆ ಅದರ ಜಾಗಕ್ಕೆ 185-15 ಅಳತೆಯ ರೇಡಿಯಲ್ ಟೈರ್ ಬಂತು. ಏನಿದು ವ್ಯತ್ಯಾಸ?

ಟೈರ್ ಎಂದರೆ ಬರಿ ರಬ್ಬರ್ ಅಲ್ಲ, ಒಳಗೆ ನೂಲಿನ ಪದರಗಳಿವೆ. ಕ್ರಾಸ್-ಪ್ಲೈನಲ್ಲಿ ನೂಲುಗಳು ಓರೆಯಾಗಿ, ಒಂದರ ಮೇಲೊಂದು ಹಾಯುತ್ತವೆ. ರೇಡಿಯಲ್‌ನಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತವೆ. ನೆಲ ಮುಟ್ಟುವ ಭಾಗದ ಕೆಳಗೆ ಸುತ್ತಲೂ ಒಂದು ಗಟ್ಟಿ ಪಟ್ಟಿ ಇರುತ್ತದೆ. ಪಕ್ಕದ ಸಿರುಮುಗೈ ನೇಕಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬಟ್ಟೆಯನ್ನು ಓರೆಯಾಗಿ ಎಳೆದರೆ ಹಿಗ್ಗುತ್ತದೆ, ನೂಲಿನ ನೇರಕ್ಕೆ ಎಳೆದರೆ ಅಷ್ಟು ಹಿಗ್ಗದು.

ತಿರುವಿನಲ್ಲಿ ಕ್ರಾಸ್-ಪ್ಲೈ ಟೈರ್ ಇಡಿಯಾಗಿ ಸೊಟ್ಟಗಾಗುತ್ತದೆ, ಬೇಗ ಬಿಸಿಯೂ ಆಗುತ್ತದೆ. ರೇಡಿಯಲ್‌ನ ಪಕ್ಕ ಬಾಗಿದರೂ ತಳ ನೆಲ ಬಿಡುವುದಿಲ್ಲ. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಇದಕ್ಕೆ ಪೇಟೆಂಟ್ ಪಡೆದಿತ್ತು. ಎರಡರ ಹಿಡಿತದ ರೀತಿ ಬೇರೆ ಬೇರೆ, ಆದ್ದರಿಂದಲೇ ಒಂದೇ ಕಾರಿಗೆ ಎರಡೂ ಬಗೆಯನ್ನು ಬೆರೆಸಿ ಹಾಕಬಾರದು.

ಸವೆಯದಿದ್ದರೂ ಸಾಯುತ್ತದೆ

ನಾನು ಬಿ.ಎ. ಓದಿದವನು, ಎಂಜಿನಿಯರ್ ಅಲ್ಲ. ಟೈರಿನ ವಿಚಾರ ತಲೆಗೆ ಹೋದದ್ದು ಒಂದು ಮದುವೆಯ ದಿನ. ನೆಂಟರೊಬ್ಬರ ಮನೆಯ ಶೆಡ್ಡಿನಲ್ಲಿ ಬಹಳ ವರ್ಷ ನಿಂತಿದ್ದ ಕಾರನ್ನು ತೊಳೆದು, ಹೂವು ಕಟ್ಟಿ ಹೊರತೆಗೆದರು. ಮೆಕ್ಯಾನಿಕ್‌ಗಳು 'ಬಟನ್' ಎನ್ನುತ್ತಾರಲ್ಲ, ಅದು ಹೊಸದರಂತಿತ್ತು. ಮೆಟ್ಟುಪಾಳ್ಯಂ ಸೇರುವ ಮೊದಲೇ ಮುಂದಿನ ಟೈರ್ ಒಡೆಯಿತು. ನೇರ ರಸ್ತೆ, ವೇಗವೂ ಕಡಿಮೆ. ಎಲ್ಲರೂ ಬಚಾವಾದರು. ಅದೇ ಕಲ್ಲಾರ್ ದಾಟಿ ಘಾಟಿಯ ತಿರುವಿನಲ್ಲಿ ಆಗಿದ್ದರೆ?

ಬಿಸಿಲು, ಗಾಳಿಯ ಆಮ್ಲಜನಕ ಮತ್ತು ಓಝೋನ್ ರಬ್ಬರನ್ನು ಒಣಗಿಸಿ ಬಿರುಕು ಬಿಡಿಸುತ್ತವೆ. ಓಡದೆ ನಿಂತ ಟೈರಿಗೂ ಇದು ತಪ್ಪಿದ್ದಲ್ಲ. ಬಟನ್ ಇದೆ ಎಂದ ಮಾತ್ರಕ್ಕೆ ಜೀವ ಇದೆ ಎಂದಲ್ಲ.

ಟೈರಿನ ವಯಸ್ಸು ತಿಳಿಯುವುದು ಸುಲಭ. ಪಕ್ಕದಲ್ಲಿ 'ಡಿಒಟಿ' ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿ ಇದ್ದರೆ 2000ಕ್ಕಿಂತ ಹಳೆಯದು, ಯೋಚಿಸದೆ ಬದಲಿಸಿ. ಐದು ವರ್ಷ ಕಳೆದ ಮೇಲೆ ಪ್ರತಿ ವರ್ಷ ತಪಾಸಣೆ ಮಾಡಿಸಿ, ಹತ್ತು ವರ್ಷಕ್ಕೆ ತೆಗೆದುಬಿಡಿ ಎನ್ನುವುದು ದೊಡ್ಡ ಟೈರ್ ಕಂಪನಿಗಳ ಸಲಹೆ.

ಹಳೆಯ ಅಳತೆಯ ಟೈರ್ ಎಲ್ಲಿ ಸಿಗಬೇಕು ಎನ್ನುವಿರಾ? ಇ-ಟೈಪ್‌ನಂಥ ಕಾರುಗಳಿಗೆಂದೇ ಪಿರೆಲ್ಲಿ, ಮಿಶೆಲಿನ್‌ನವರು ಹಳೆಯ ಮಾದರಿಯ ಟೈರ್ ಮಾಡುತ್ತಾರೆ. ಡಚ್ ಕಂಪನಿ ವ್ರೆಡೆಸ್ಟೈನ್ ಕೂಡ 'ಸ್ಪ್ರಿಂಟ್ ಕ್ಲಾಸಿಕ್' ಹೆಸರಿನಲ್ಲಿ ಮಾಡುತ್ತಾ ಬಂದಿದೆ. ಆ ಕಂಪನಿಯನ್ನು 2009ರಲ್ಲಿ ಕೊಂಡವರು ನಮ್ಮ ದೇಶದ ಅಪೋಲೊ ಟೈರ್ಸ್‌ನವರು! ಒಂದು ಮಾತು ನೆನಪಿರಲಿ: ಇ-ಟೈಪ್‌ನಂತೆ ಸ್ಪೋಕ್ ಚಕ್ರವಿದ್ದರೆ ಟೈರಿನೊಳಗೆ ಟ್ಯೂಬ್ ಬೇಕೇ ಬೇಕು. ಸ್ಪೋಕ್ ಸಿಕ್ಕಿಸಿದ ತೂತುಗಳಲ್ಲಿ ಗಾಳಿ ಸೋರುತ್ತದೆ.

ಇ-ಟೈಪ್ ನಮ್ಮ ಬೀದಿಯಲ್ಲಿ ಸಿಗಲಿಕ್ಕಿಲ್ಲ. ಆದರೆ ಅಜ್ಜನ ಕಾಲದ ಅಂಬಾಸಿಡರೋ ಪದ್ಮಿನಿಯೋ ಯಾರದಾದರೂ ಶೆಡ್ಡಿನಲ್ಲಿ ಇದ್ದೀತು. ರಂಗನಾಥಸ್ವಾಮಿಯ ಮಾಸಿ ತೇರಿಗೋ ಮದುವೆಗೋ ಅದನ್ನು ತೆಗೆಯುವ ಮುನ್ನ ಒಂದು ನಿಮಿಷ ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಆ ನಾಲ್ಕು ಅಂಕಿ ಓದಿ. ಹೂವು ಆಮೇಲೆ ಕಟ್ಟಿದರಾಯಿತು.