ಬಯಲುಸೀಮೆಯ ಗಿಡ ಬೋನ್ಸಾಯ್ ಆಗುವ ಬಗೆ

ಬೋನ್ಸಾಯ್‌ಗೆ ಬೇಕಾದ ಗಿಡವನ್ನು ಬೀಜದಿಂದ ಬೆಳೆಸಬಹುದು, ನರ್ಸರಿಯಿಂದ ತರಬಹುದು. ಇವೆರಡೂ ಅಲ್ಲದೆ, ಬಯಲಿನಲ್ಲಿ ತಾನಾಗಿ ಬೆಳೆದು ಗಿಡ್ಡಾಗಿ ಮುದುಡಿದ ಗಿಡವನ್ನು ಬೇರುಸಹಿತ ಎಬ್ಬಿಸಿ ಕುಂಡಕ್ಕೆ ಇಳಿಸುವುದು ಇನ್ನೊಂದು ದಾರಿ. ಜಪಾನಿನಲ್ಲಿ ಇಂಥ ಗಿಡಕ್ಕೆ ಯಮದೋರಿ ಎನ್ನುತ್ತಾರೆ. ದಪ್ಪ ಬುಡ, ಒಡೆದ ತೊಗಟೆ, ತಿರುಚಿದ ಕಾಂಡ ಕುಂಡದಲ್ಲಿ ಮೂಡಲು ದಶಕಗಳೇ ಬೇಕು. ಬಿಸಿಲು, ಬರ, ದನಕರುಗಳ ಬಾಯಿಗೆ ಸಿಕ್ಕಿ ಬದುಕಿದ ಗಿಡದಲ್ಲಿ ಅವೆಲ್ಲ ಆಗಲೇ ಇರುತ್ತವೆ. ಈ ಗಿಡಗಳಿಗೆ ಬೆಲೆ ಬಂದದ್ದು ಅದಕ್ಕಾಗಿ. ಅವು ಬರಿದಾದದ್ದೂ ಅದಕ್ಕಾಗಿಯೇ. ಶಿಂಪಕು ಜುನಿಪರ್‌ಗೆ ಹೆಸರಾಗಿದ್ದ ಶಿಕೋಕು ದ್ವೀಪದ ಬೆಟ್ಟಗಳಲ್ಲೂ ಇತೊಯಿಗಾವಾದ ಕಡಿದಾದ ಬಂಡೆಗಳಲ್ಲೂ ಇಪ್ಪತ್ತನೆಯ ಶತಮಾನದಲ್ಲಿ ಹಳೆಯ ಗಿಡಗಳನ್ನು ಕಿತ್ತು ಕಿತ್ತು ಮುಗಿಸಿಬಿಟ್ಟರು.

ಚಡಚಣ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸೀಮೆಗೆ ಈ ಮಾತು ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. ವಿಜಯಪುರ ಜಿಲ್ಲೆಯಲ್ಲಿ ಅರಣ್ಯ ಶೇ. 1ರಷ್ಟೂ ಇಲ್ಲ. ವರ್ಷದ ಮಳೆ 600 ಮಿ.ಮೀ. ಆಸುಪಾಸು. ಇಲ್ಲಿ ಗಿಡ ಹುಡುಕುವವರು ಕಾಡಿಗೆ ಹೋಗುವುದು ಸಲ್ಲ. ಹೊಲದ ಬದು, ಹಳೆಯ ತೋಟ, ಹಾಳು ಗೋಡೆ, ರಸ್ತೆ ಕಾಮಗಾರಿಯ ಜಾಗಗಳಲ್ಲಿ ಹೇಗೂ ಹೋಗಲಿರುವ ಗಿಡಗಳೇ ಅವರ ಪಾಲು.

ಎರೆ ನೆಲಕ್ಕಿಂತ ಮಡ್ಡಿ ನೆಲದ ಗಿಡ ಬೋನ್ಸಾಯ್‌ಗೆ ಲೇಸು. ಮೇಲೆ ಒಂದು ಗೇಣು ಮಣ್ಣು, ಕೆಳಗೆ ಗರಸು, ಅದರ ಕೆಳಗೆ ಕರಿಕಲ್ಲು ಇದ್ದಲ್ಲಿ ಬೇರು ಆಳಕ್ಕೆ ಇಳಿಯಲಾರದೆ ಅಡ್ಡ ಹರಡುತ್ತದೆ. ಬದುವಿನ ಮೇಲಿನ ಒಂದು ಬಾರಿ ಗಿಡವನ್ನು ಬಗ್ಗಿ ನೋಡಿದರೆ ಉಳಿದದ್ದು ತಿಳಿಯುತ್ತದೆ. ಮೊಳಕಾಲೆತ್ತರ ಮೀರದ ಗಿಡ, ಬುಡ ಮಾತ್ರ ತೋಳಿನಷ್ಟು ದಪ್ಪ. ಪ್ರತಿ ವರ್ಷ ಬೇಲಿಗೆಂದು ಮುಳ್ಳು ಸವರಿದ ಕೊಡಲಿ ಗಾಯಗಳು ಒಂದರ ಮೇಲೊಂದು ಗಂಟುಗಟ್ಟಿರುತ್ತವೆ. ಆಡು ಕಡಿದ ಕಡೆಯಲ್ಲೆಲ್ಲ ಚಿಗುರು ಕವಲೊಡೆದು, ಎಲೆ ಉಗುರಿನಷ್ಟಕ್ಕೆ ಇಳಿದಿರುತ್ತದೆ. ಎಷ್ಟೋ ವರ್ಷ ಕತ್ತರಿ ಹಿಡಿದು ಮಾಡಬೇಕಾದ ಕೆಲಸವನ್ನು ಆಡೇ ಮಾಡಿ ಮುಗಿಸಿರುತ್ತದೆ.

ಆದರೆ ಎಲ್ಲ ಗಿಡವೂ ಕಿತ್ತರೆ ಬದುಕುವುದಿಲ್ಲ. ಆಲ, ಅರಳಿ, ಬಸರಿ, ಅತ್ತಿ ಬೇರು ಕಡಿದರೂ ಸುಲಭವಾಗಿ ಚಿಗುರುತ್ತವೆ. ಹುಣಸೆ ತಾಯಿಬೇರನ್ನು ನೆಚ್ಚಿದ ಗಿಡ, ಎರಡು ಹಂತದಲ್ಲಿ ಎಬ್ಬಿಸಿದರೆ ಒಗ್ಗುತ್ತದೆ. ಬನ್ನಿಯ ತಾಯಿಬೇರು ಹತ್ತಾರು ಅಡಿ ಆಳಕ್ಕೆ ಇಳಿದಿರುತ್ತದೆ. ಅದನ್ನು ಕಡಿದರೆ ಗಿಡ ಉಳಿಯುವುದು ಅಪರೂಪ. ದಸರೆಗೆ ಬಂಗಾರವೆಂದು ಹಂಚುವ ಗಿಡವನ್ನು ಸಾಯಿಸಿ ಕುಂಡ ತುಂಬಿಸುವುದರಲ್ಲಿ ಅರ್ಥವಿಲ್ಲ, ಬನ್ನಿಯನ್ನು ಬೀಜದಿಂದ ಬೆಳೆಸುವುದೇ ಸರಿ. ಹೊರಗಿನಿಂದ ಬಂದು ಹೊಲ, ಹಳ್ಳ, ಕೆರೆಯಂಗಳ ನುಂಗಿದ ಬಳ್ಳಾರಿ ಜಾಲಿಯನ್ನು ಮಾತ್ರ ಯಾರೂ ಉಳಿಸಿಕೊಳ್ಳಲು ಬಯಸುವುದಿಲ್ಲ. ಅದು ಬುಡದಿಂದ ಬೇಗ ಚಿಗುರುತ್ತದೆ. ಕೈ ಪಳಗಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಿಡವಿಲ್ಲ.

ಇನ್ನು ಕಾನೂನಿನ ಮಾತು. ಮೀಸಲು ಅರಣ್ಯದಿಂದ ಗಿಡ ಕೀಳುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಗೋಮಾಳ, ಹಳ್ಳದ ದಂಡೆ, ರಸ್ತೆ ಬದಿ ಯಾರದೂ ಅಲ್ಲವೆಂದು ಅನೇಕರು ತಿಳಿದಿದ್ದಾರೆ; ಅವು ಸರ್ಕಾರದವು. ಸ್ವಂತ ಹೊಲದ ಗಿಡವೂ ಪೂರ್ತಿ ಮಾಲೀಕರ ಇಚ್ಛೆಗೆ ಬಿಟ್ಟದ್ದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯುವುದೆಂದರೆ ಕೊಡಲಿ ಹಾಕುವುದಷ್ಟೇ ಅಲ್ಲ, ಬೇರುಸಹಿತ ಕೀಳುವುದೂ ಅದರಲ್ಲಿ ಸೇರುತ್ತದೆ. ಅದಕ್ಕೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸುಬಾಬುಲ್, ಪ್ರೊಸೊಪಿಸ್ ಮೊದಲಾದ ಕೆಲವು ಜಾತಿಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಬಳ್ಳಾರಿ ಜಾಲಿಗೆ ಅದು ಸಿಗುತ್ತದೆ. ಶ್ರೀಗಂಧದ ನಿಯಮಗಳೇ ಬೇರೆ, ಅದರ ಗೊಡವೆಗೆ ಹೋಗದಿರುವುದು ಒಳಿತು. ಕಾಡುಗಿಡ ಕಿತ್ತು ವ್ಯಾಪಾರ ಮಾಡುವವರು 2002ರ ಜೀವವೈವಿಧ್ಯ ಕಾಯ್ದೆಯಂತೆ ರಾಜ್ಯ ಜೀವವೈವಿಧ್ಯ ಮಂಡಳಿಗೆ ಮೊದಲೇ ತಿಳಿಸಬೇಕಾಗುತ್ತದೆ.

ಕಾಗದಪತ್ರ ಕಷ್ಟದ್ದೇನಲ್ಲ. ಹೊಲದ ಮಾಲೀಕರ ಸಹಿಯುಳ್ಳ ಒಪ್ಪಿಗೆ ಪತ್ರ, ಅದರಲ್ಲಿ ಸರ್ವೆ ನಂಬರ್, ಗಿಡದ ಜಾತಿ, ಸಂಖ್ಯೆ, ಜೊತೆಗೆ ಉತಾರದ ಪ್ರತಿ, ಅಗೆಯುವ ಮೊದಲು ಜಾಗದಲ್ಲೇ ತೆಗೆದ ಫೋಟೊ. ಅನುಮತಿ ಬೇಕಾದ ಜಾತಿಯಾದರೆ ಆ ಆದೇಶವೂ ಕೈಯಲ್ಲಿರಬೇಕು. ಧೂಳಖೇಡದ ಹತ್ತಿರ ಭೀಮೆ ದಾಟಿ ಸೊಲ್ಲಾಪುರಕ್ಕೆ ಒಯ್ಯುವುದಾದರೆ ಮಹಾರಾಷ್ಟ್ರದ ಕಾನೂನೂ ಅನ್ವಯಿಸುತ್ತದೆ.

ಈ ಸೀಮೆಯ ಅತಿ ಒಳ್ಳೆಯ ಗಿಡಗಳು ಇರುವುದು ತೋಟಗಳಲ್ಲಿ. 2023ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಇಂಡಿ ಲಿಂಬೆಯ ಹಳೆಯ ತೋಟಗಳನ್ನು ರೈತರು ವಯಸ್ಸಾದಾಗ, ನೀರು ಬತ್ತಿದಾಗ ಕಿತ್ತು ಹಾಕುತ್ತಾರೆ. ಸಣ್ಣ ಎಲೆ, ಸಣ್ಣ ಕಾಯಿ, ಗಟ್ಟಿ ಕಾಂಡದ ಲಿಂಬೆ ಕುಂಡಕ್ಕೆ ಚೆನ್ನಾಗಿ ಹೊಂದುತ್ತದೆ. ದಾಳಿಂಬೆ ಅದಕ್ಕೂ ಒಂದು ಕೈ ಮೇಲು. ವಯಸ್ಸಾದಂತೆ ಅದರ ಕಾಂಡ ಹಗ್ಗ ಹೊಸೆದಂತೆ ತಿರುಚುತ್ತದೆ, ಹಳೆಯ ಕಟ್ಟಿಗೆಯಿಂದಲೂ ಹೊಸ ಚಿಗುರು ಬರುತ್ತದೆ. ಬಹಾರ ಹಿಡಿಯುವ ಮುಂಚೆ ರೈತರು ನೀರು ನಿಲ್ಲಿಸಿ ಎಲೆ ಉದುರಿಸುತ್ತಾರಲ್ಲ, ಎಬ್ಬಿಸಲು ಅದೇ ಹದವಾದ ಕಾಲ. ದುಂಡಾಣು ಅಂಗಮಾರಿ ತಗುಲಿದ ತೋಟದ ಗಿಡವನ್ನು ಮಾತ್ರ ಮುಟ್ಟಬಾರದು. ಕಾಂಡದಲ್ಲಿ ಕಪ್ಪು ಬಿರುಕು ಕಂಡರೆ ಬಿಟ್ಟುಬಿಡಬೇಕು. ಇಲ್ಲವಾದರೆ ರೋಗ ಇನ್ನೊಬ್ಬರ ತೋಟಕ್ಕೆ ಸಾಗುತ್ತದೆ.

ಹಾಳು ಮನೆ, ಬಾವಿಗಳ ಗೋಡೆಯಲ್ಲಿ ಹುಟ್ಟಿದ ಅರಳಿ, ಬಸರಿ ಇನ್ನೊಂದು ನಿಧಿ. ಅವು ಗೋಡೆ ಒಡೆಯುವ ಗಿಡಗಳಾದ್ದರಿಂದ ಮಾಲೀಕರೂ ಸಂತೋಷದಿಂದ ಒಪ್ಪುತ್ತಾರೆ. ಆದರೆ ಆದಿಲಶಾಹಿ ಕಾಲದ ಸಂರಕ್ಷಿತ ಸ್ಮಾರಕಗಳ ಗೋಡೆಯ ಗಿಡಕ್ಕೆ ಕೈ ಹಚ್ಚುವಂತಿಲ್ಲ, ಅದು ಪುರಾತತ್ವ ಇಲಾಖೆಯ ಕೆಲಸ. ರಸ್ತೆ ಅಗಲೀಕರಣದಲ್ಲಿ ಉರುಳುವ ಗಿಡಗಳೂ, ಆಲಮಟ್ಟಿ ಅಣೆಕಟ್ಟೆಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಮುಳುಗಲಿರುವ ಹೊಲಗಳ ಗಿಡಗಳೂ ಉಳಿಸಿಕೊಳ್ಳತಕ್ಕವೇ. ಸ್ವಾಧೀನವಾದ ಮೇಲೆ ಆ ನೆಲ ಸರ್ಕಾರದ್ದು. ಹಳೆಯ ಮಾಲೀಕರ ಬಾಯಿಮಾತಿನ ಒಪ್ಪಿಗೆ ಸಾಲದು.

ಅಗೆಯುವ ಕೆಲಸಕ್ಕೆ ಅವಸರ ಕೂಡದು. ಎಲೆ ಉದುರುವ ಗಿಡಗಳಿಗೆ ಹೊಸ ಚಿಗುರು ಮೂಡುವ ಮುನ್ನಿನ ಫೆಬ್ರವರಿ, ಆಲದ ಜಾತಿ ಮತ್ತು ಲಿಂಬೆಗೆ ಮುಂಗಾರು ಹಿಡಿದ ಮೇಲಿನ ದಿನಗಳು ಸೂಕ್ತ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಎಬ್ಬಿಸಿದರೆ ಗಿಡ ಸುಟ್ಟುಹೋಗುತ್ತದೆ. ದೊಡ್ಡ ಗಿಡವಾದರೆ ಮೊದಲ ವರ್ಷ ಬುಡದ ಸುತ್ತಿನ ಅರ್ಧ ಭಾಗಕ್ಕೆ ಮಾತ್ರ ಕಂದಕ ತೋಡಿ, ಬೇರನ್ನು ಹರಿತ ಗರಗಸದಿಂದ ಕೊಯ್ದು, ಉಸುಕು ತುಂಬಿ ನೀರು ಹಾಕಬೇಕು. ಕೊಯ್ದ ಬಾಯಲ್ಲಿ ಕೂದಲಿನಂಥ ಹೀರುಬೇರುಗಳು ಮೂಡುತ್ತವೆ. ಮರುವರ್ಷ ಉಳಿದರ್ಧ. ಆಮೇಲೆ ಎತ್ತಿ, ಬೇರು ಗಾಳಿಗೆ ಒಣಗದಂತೆ ತಕ್ಷಣ ಹಸಿ ಗೋಣಿತಟ್ಟಿನಲ್ಲಿ ಸುತ್ತಬೇಕು. ಕುಣಿಯನ್ನು ಮುಚ್ಚಿ ಬದುವನ್ನು ಮೊದಲಿನಂತೆ ಕಟ್ಟಿಕೊಡುವುದು ಕಡ್ಡಾಯ. ಇಲ್ಲದಿದ್ದರೆ ಮೊದಲ ಮಳೆಗೇ ಆ ಹೊಲದ ಮಣ್ಣು ಹಳ್ಳ ಸೇರುತ್ತದೆ.

ಕುಂಡಕ್ಕೆ ಎರೆಮಣ್ಣು ಬೇಡ; ಅದು ನೀರು ಹಿಡಿದು ಬೇರು ಕೊಳೆಸುತ್ತದೆ. ಜರಡಿ ಹಿಡಿದ ಗರಸು, ಇಟ್ಟಿಗೆ ಚೂರು, ದಪ್ಪ ಉಸುಕು, ಸ್ವಲ್ಪ ಕಳಿತ ಗೊಬ್ಬರ ಸಾಕು. ಗಿಡ ಅಲುಗಾಡದಂತೆ ಕಟ್ಟಿ, ಅರೆನೆರಳಿನಲ್ಲಿ ಇಟ್ಟು, ಕಾಂಡಕ್ಕೆ ದಿನವೂ ನೀರು ಚಿಮುಕಿಸಬೇಕು. ಮೊದಲ ಚಿಗುರು ಕಂಡು ಹಿಗ್ಗಬಾರದು. ಅದು ಕಾಂಡದಲ್ಲಿ ಉಳಿದ ಶಕ್ತಿಯಿಂದ ಬಂದದ್ದಿರಬಹುದು; ಬೇರು ಹಿಡಿಯದಿದ್ದರೆ ಕೆಲವು ವಾರಗಳಲ್ಲೇ ಬಾಡುತ್ತದೆ. ಎರಡು ಮಳೆಗಾಲ ಕಳೆಯುವವರೆಗೆ ತಂತಿ ಸುತ್ತಬಾರದು, ಬೇರು ಕೆದಕಬಾರದು.

ಗಿಡ ಎಬ್ಬಿಸಬೇಕೆನ್ನುವವರು ಗುದ್ದಲಿ ಹಿಡಿಯುವ ಮುನ್ನ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ಗಿಡದ ಜಾತಿ ಹೇಳಿ ವಿಚಾರಿಸಿಕೊಳ್ಳಲಿ. ಬದುಕುತ್ತದೆಂಬ ಭರವಸೆ ಇಲ್ಲದ ಗಿಡವನ್ನು ನೆಲದಲ್ಲೇ ಬಿಡಲಿ.