ನಿಮಗಿದು ಗೊತ್ತೆ? ಸ್ಪ್ಯಾನಿಷ್‌ನಲ್ಲೂ ಒಂದು ‘ಕೋ’ ಇದೆ!

ಕನ್ನಡದಲ್ಲಿ ‘ತೊಳೆ’ ಬೇರೆ, ‘ತೊಳೆದುಕೋ’ ಬೇರೆ. ಸ್ಪ್ಯಾನಿಷ್‌ನಲ್ಲೂ ಹಾಗೆಯೇ: ‘ಲಾವ’ ಎಂದರೆ ತೊಳೆ, ‘ಲಾವತೆ’ ಎಂದರೆ ತೊಳೆದುಕೋ. ಬಾಲದಲ್ಲಿರುವ ‘ತೆ’ಗೆ ‘ನಿನ್ನನ್ನು’ ಎಂಬರ್ಥ. ಗೌರವದಿಂದ ಹೇಳುವಾಗ ‘ಲಾವೆಸೆ’.

* ಬಾಲ ಸೇರಿ ಪದ ಉದ್ದವಾದರೂ ಒತ್ತು ಮೊದಲಿನ ಜಾಗದಲ್ಲೇ ಉಳಿಯುತ್ತದೆ. ಅದನ್ನು ತೋರಿಸಲು ‘ಲಾವತೆ’ಯ ಮೊದಲ ಸ್ವರದ ತಲೆಯ ಮೇಲೆ ಓರೆಗೆರೆ ಎಳೆಯುತ್ತಾರೆ.

* ಬೇಡ ಎನ್ನುವಾಗ ಬಾಲ ಕಳಚಿ ಕ್ರಿಯಾಪದದ ಮುಂದೆ ಬಂದು ನಿಲ್ಲುತ್ತದೆ: ‘ನೋ ತೆ ಲಾವೆಸ್’.

* ಸ್ಪೇನ್‌ನಲ್ಲಿ ಆಪ್ತರ ಗುಂಪಿಗೆ ಹೇಳುವಾಗ ‘ಲವಾದ್’ಗೆ ‘ಓಸ್’ ಸೇರಿದರೆ ‘ದ್’ ಉದುರಿ ‘ಲವಾಓಸ್’ ಆಗುತ್ತದೆ. ‘ಹೊರಡಿ’ ಎನ್ನುವ ‘ಈದೋಸ್’ ಮಾತ್ರ ‘ದ್’ ಬಿಡದ ಹಟಮಾರಿ. ಜನ ಆಡುವ ‘ಈರೋಸ್’ ರೂಪಕ್ಕೂ ಸ್ಪೇನ್‌ನ ರಾಯಲ್ ಅಕಾಡೆಮಿ 2017ರಲ್ಲಿ ಒಪ್ಪಿಗೆ ನೀಡಿತು.