ಬಿಲ್ಲು ಬಳ್ಳಾರಿಯದು, ಗಾಯ ನಮ್ಮೂರಿನದು: ಅರ್ಜಿ ಎಲ್ಲಿ ಹಾಕಬೇಕು?



ಹೋದ ತಿಂಗಳ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಪೆದ್ದಹರಿವಾಣಂ ಕಡೆಯ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮನೆಯಲ್ಲಿ ಕುಕ್ಕರು ಸಿಡಿದು ಹೆಂಡತಿಯ ಬಲಗೈ ಮತ್ತು ಕುತ್ತಿಗೆ ಸುಟ್ಟಿದ್ದವು. ಹನ್ನೊಂದು ದಿನ ಆಸ್ಪತ್ರೆ, ಆಮೇಲೆ ಎರಡು ತಿಂಗಳು ಹತ್ತಿ ಬಿಡಿಸುವ ಕೂಲಿ ಇಲ್ಲ. ಕುಕ್ಕರು ತಂದದ್ದು ಬಳ್ಳಾರಿಯ ಅಂಗಡಿಯಿಂದ. ಆಗ ಯಾರೋ ತಿಳಿದವರು, "ಕೇಸು ಹಾಕಬೇಕಂದ್ರ ಬಳ್ಳಾರಿಗೇ ಹೋಗಿ ಹಾಕಬೇಕು, ನೀವು ಆಂಧ್ರದೋರು" ಅಂದರಂತೆ. ಅಷ್ಟು ಕೇಳಿ ಸುಮ್ಮನಾದರು. "ಈಗೇನಾದ್ರೂ ಮಾಡಾಕ ಬರ್ತದೇನಣ್ಣ?" ಎಂದು ಕೇಳಿದರು. ಎಷ್ಟು ದಿನವಾಯಿತು ಎಂದೆ. ಎರಡು ವರ್ಷ ಎರಡು ತಿಂಗಳು. ಕುಕ್ಕರು ಎಲ್ಲಿದೆ ಎಂದೆ. ಗುಜರಿಗೆ ಹಾಕಿದ್ದರು.

ಅವರಿಗೆ ಸಿಕ್ಕ ಸಲಹೆ ಹಳೇ ಕಾನೂನಿನದು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಎದುರುದಾರನ ಅಂಗಡಿ ಅಥವಾ ಶಾಖೆ ಇರುವಲ್ಲಿ, ಇಲ್ಲವೇ ವ್ಯಾಜ್ಯದ ಕಾರಣ ಹುಟ್ಟಿದಲ್ಲಿ ದೂರು ಕೊಡಬೇಕಿತ್ತು. 2019ರ ಹೊಸ ಕಾಯ್ದೆ ಜಾರಿಯಾದದ್ದು 2020ರ ಜುಲೈ 20ರಂದು. ಅದರ 34ನೇ ಕಲಮಿನಲ್ಲಿ ಒಂದು ಸಾಲು ಹೆಚ್ಚಿಗೆ ಸೇರಿತು: ದೂರುದಾರ ವಾಸವಿರುವ ಅಥವಾ ತಾನೇ ದುಡಿಯುವ ಜಾಗದ ಜಿಲ್ಲಾ ಆಯೋಗದಲ್ಲೂ ದೂರು ಕೊಡಬಹುದು. ಎಂದರೆ ಸಾಮಾನು ಬಳ್ಳಾರಿಯದಾದರೂ, ಸಿರುಗುಪ್ಪದ್ದಾದರೂ, ಬೆಂಗಳೂರಿನಿಂದ ಪಾರ್ಸೆಲ್ ಬಂದದ್ದಾದರೂ, ಆದೋನಿ ತಾಲೂಕಿನವರು ಕರ್ನೂಲಿನ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬಹುದು. ಅಂಗಡಿಯವರು ಇಲ್ಲಿಗೆ ಬಂದು ಉತ್ತರ ಕೊಡಬೇಕು.

ಈ ಒಂದು ಸಾಲು ನಮ್ಮಂಥವರಿಗೆ ದೊಡ್ಡದು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬಿಟ್ಟು ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಕಚೇರಿಗಳು ಆವತ್ತೇ ಬದಲಾದವು. ಮದುವೆ ಜವಳಿ, ಪಾತ್ರೆ ಪಗಡ, ಮಿಕ್ಸಿ, ಮೊಬೈಲು ಮಾತ್ರ ಇವತ್ತಿಗೂ ಆ ಕಡೆಯಿಂದಲೇ ಬರುತ್ತವೆ. ಕೊಂಡದ್ದು ಒಂದು ರಾಜ್ಯದಲ್ಲಿ, ಗಾಯವಾದದ್ದು ಇನ್ನೊಂದು ರಾಜ್ಯದಲ್ಲಿ ಎಂಬುದು ನಮ್ಮಲ್ಲಿ ದಿನನಿತ್ಯದ ಸಂಗತಿ.

ದೂರು ಕೊಡಲು ವಕೀಲರೇ ಬೇಕೆಂದಿಲ್ಲ. ಕೊಂಡ ವಸ್ತುವಿನ ಬೆಲೆ 5 ಲಕ್ಷ ರೂಪಾಯಿಯೊಳಗೆ ಇದ್ದರೆ ಶುಲ್ಕವೂ ಇಲ್ಲ. ಇಲ್ಲಿ ನೋಡುವುದು ಕೊಟ್ಟ ಬೆಲೆಯನ್ನೇ ಹೊರತು ಕೇಳುವ ಪರಿಹಾರವನ್ನಲ್ಲ. ಕುಕ್ಕರಿಗೆ ಕೊಟ್ಟದ್ದು ಎರಡು ಸಾವಿರವಿದ್ದು, ಆಸ್ಪತ್ರೆ ಖರ್ಚು, ಕೂಲಿ ನಷ್ಟ ಸೇರಿ ಮೂರು ಲಕ್ಷ ಕೇಳಿದರೂ ಶುಲ್ಕ ಸೊನ್ನೆ. ಇ-ಜಾಗೃತಿ ಎಂಬ ಸರ್ಕಾರಿ ತಾಣದಲ್ಲಿ ಕೂತಲ್ಲಿಂದಲೇ ದೂರು ಸಲ್ಲಿಸಬಹುದು. ವಿಚಾರಣೆಯನ್ನು ವಿಡಿಯೋ ಮೂಲಕ ನಡೆಸಿರೆಂದು ಅರ್ಜಿ ಕೊಡಲೂ ಅವಕಾಶವಿದೆ. ಅವಧಿ ಮಾತ್ರ ಎರಡು ವರ್ಷ. ತಡವಾದರೆ ಸರಿಯಾದ ಕಾರಣ ತೋರಿಸಿ ಮನ್ನಿಸಿರೆಂದು ಕೇಳಬಹುದು, ಮನ್ನಿಸುವುದು ಬಿಡುವುದು ಆಯೋಗದ ಕೈಯಲ್ಲಿ.

ಕುಕ್ಕರು ಕೊಂಡದ್ದು ಗಂಡ, ಸುಟ್ಟದ್ದು ಹೆಂಡತಿಗೆ. ಇದಕ್ಕೆ ಅಡ್ಡಿಯಿಲ್ಲ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಕಾಯ್ದೆಯ ಪ್ರಕಾರ ಗ್ರಾಹಕರೇ. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲಿ ದೋಷ, ಬಳಸುವ ಬಗೆಯನ್ನೂ ಅಪಾಯವನ್ನೂ ಸರಿಯಾಗಿ ತಿಳಿಸದಿರುವುದು, ಇವುಗಳಿಂದ ಗಾಯವಾದರೆ ತಯಾರಕರು ಹೊಣೆ. ಹೆಸರು ವಿಳಾಸ ಇಲ್ಲದ ಸಂತೆ ಮಾಲು ಸಿಡಿದರೆ? ತಯಾರಕ ಯಾರೆಂದು ಗೊತ್ತಾಗದಿದ್ದಾಗ ಮಾರಿದವನೇ ಹೊಣೆಯಾಗುತ್ತಾನೆ. ಆದರೆ ನೀವು ವಸ್ತುವನ್ನು ತಪ್ಪಾಗಿ ಬಳಸಿದ್ದರೆ ಅಥವಾ ಮಾರ್ಪಡಿಸಿದ್ದರೆ ಅವರು ಅದನ್ನೇ ಹಿಡಿಯುತ್ತಾರೆ. ಬೀದಿಯಲ್ಲಿ ಬರುವ ರಿಪೇರಿಯವನ ಹತ್ತಿರ ಹತ್ತಿಪ್ಪತ್ತು ರೂಪಾಯಿಗೆ ಸೇಫ್ಟಿ ವಾಲ್ವು ಬದಲಿಸಿದ ಮೇಲೆ ಕಂಪನಿಯನ್ನು ದೂರುವುದು ಕಷ್ಟ.

ಕುಕ್ಕರಿಗೆ ಐಎಸ್‌ಐ ಗುರುತು 2021ರ ಫೆಬ್ರವರಿ 1ರಿಂದ ಕಡ್ಡಾಯ. ಗುರುತಿನ ಮೇಲೆ ಐಎಸ್ 2347 ಎಂದೂ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಬರೀ ಗುರುತು ಅಚ್ಚು ಹಾಕುವುದು ಯಾರಿಗೂ ಕಷ್ಟವಲ್ಲ. ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ಬರುತ್ತದೆ. ಮನೆಯ ಮಕ್ಕಳಿಗೆ ಹೇಳಿದರೆ ಒಂದು ನಿಮಿಷದಲ್ಲಿ ನೋಡಿಕೊಡುತ್ತಾರೆ.

ಇನ್ನು ಬಿಲ್ಲು. ಗುಮಾಸ್ತಿಕೆಯಲ್ಲೇ ಆಯುಷ್ಯ ಕಳೆದವನಾದ್ದರಿಂದ ಕಾಗದದ ಮಾತು ನನ್ನಲ್ಲಿ ಸ್ವಲ್ಪ ಜಾಸ್ತಿ, ಕ್ಷಮಿಸಿ. "ಬಿಲ್ಲು ಬೇಡ ಅಂದ್ರ ಇನ್ನೂರು ರೂಪಾಯಿ ಕಡಿಮಿ ಮಾಡ್ತೀನಿ" ಎಂದರೆ ನಾವು ಖುಷಿಯಿಂದ ಒಪ್ಪುತ್ತೇವೆ. ಬಿಲ್ಲು ಕೊಡದಿರುವುದನ್ನು ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆದಿದೆ. ಕೇಳುವುದು ನಮ್ಮ ಹಕ್ಕು. ಬಿಲ್ಲು ಇಲ್ಲದಿದ್ದರೂ ಫೋನಿನಲ್ಲಿ ಹಣ ಕಳಿಸಿದ ದಾಖಲೆ, ಅಂಗಡಿಯ ಮೊಹರು ಹಾಕಿದ ವಾರಂಟಿ ಕಾರ್ಡು ನೆರವಿಗೆ ಬರಬಹುದು. ಅದಕ್ಕಿಂತ ಮುಖ್ಯ, ಸಿಡಿದ ವಸ್ತು. ಅದನ್ನು ತೊಳೆಯಬೇಡಿ, ರಿಪೇರಿಗೆ ಕೊಡಬೇಡಿ, ಅಂಗಡಿಯವರು ಹೊಸದು ಕೊಡುತ್ತೇವೆಂದರೂ ಹಳೆಯದನ್ನು ಒಪ್ಪಿಸಿಬಿಡಬೇಡಿ. ದೋಷವಿತ್ತೋ ಇಲ್ಲವೋ ಎಂದು ಪ್ರಯೋಗಾಲಯ ನೋಡಬೇಕಾದರೆ ವಸ್ತು ಬೇಕು. ನಮ್ಮ ಸದಸ್ಯರ ವಿಷಯದಲ್ಲಿ ಅವಧಿ ಮೀರಿದ್ದಕ್ಕಿಂತ ಕುಕ್ಕರು ಗುಜರಿ ಸೇರಿದ್ದೇ ನನಗೆ ಹೆಚ್ಚು ಬೇಸರ ತಂದಿತು.

ಗ್ಯಾಸಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಿಲಿಂಡರಿನಿಂದ ಅನಾಹುತವಾದರೆ ಸರ್ಕಾರಿ ತೈಲ ಕಂಪನಿಗಳು ಮಾಡಿಸಿರುವ ವಿಮೆ ಇದೆ, ನಾವು ಕಂತು ಕಟ್ಟಬೇಕಿಲ್ಲ. ಸಾವಾದರೆ ತಲಾ 6 ಲಕ್ಷ, ಚಿಕಿತ್ಸೆಗೆ ತಲಾ 2 ಲಕ್ಷದವರೆಗೆ, ಆಸ್ತಿ ನಷ್ಟಕ್ಕೆ 2 ಲಕ್ಷದವರೆಗೆ. ಕೂಡಲೇ ವಿತರಕರಿಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯಬೇಕು. ನಮ್ಮ ಕಡೆ ಒಂದು ತೊಡಕಿದೆ. ಆಸ್ತಿ ನಷ್ಟದ ಪರಿಹಾರ ಸಂಪರ್ಕ ನೋಂದಾಯಿಸಿದ ವಿಳಾಸಕ್ಕೆ ಮಾತ್ರ. ಎಷ್ಟೋ ಮನೆಗಳಲ್ಲಿ ಸಂಪರ್ಕ ಸಿರುಗುಪ್ಪದ ಅಣ್ಣನ ವಿಳಾಸದಲ್ಲಿ, ಸಿಲಿಂಡರು ಉರಿಯುವುದು ಈಚೆ ಊರಿನಲ್ಲಿ! ವಿಳಾಸ ಬದಲಿಸಿಕೊಳ್ಳಿ. ಸಿಲಿಂಡರಿನ ಹಿಡಿಯ ಒಳಗಡೆ ಒಂದು ಇಂಗ್ಲಿಷ್ ಅಕ್ಷರ, ಒಂದು ಸಂಖ್ಯೆ ಬರೆದಿರುತ್ತಾರೆ. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಸಂಖ್ಯೆ ಇಸವಿಯದು. ಮುಂದಿನ ತಪಾಸಣೆಯ ಗಡುವು ಅದು. ದಾಟಿದ್ದರೆ ಇಳಿಸಿಕೊಳ್ಳಬೇಡಿ. ಸೋರಿಕೆಯಾದರೆ ಫೋನು 1906.

ರಸ್ತೆಗೆ ಬರೋಣ. ಆದೋನಿಯಿಂದ ರಾರಾವಿ ದಾಟಿ ಸಿರುಗುಪ್ಪಕ್ಕೆ ದಿನಾ ಓಡಾಡುವವರು ನಮ್ಮಲ್ಲಿ ಎಷ್ಟು ಮಂದಿ! ಸೇತುವೆಯಾಚೆ ಅಪಘಾತವಾದರೆ ಬಳ್ಳಾರಿ ಕೋರ್ಟಿಗೆ ಅಲೆಯಬೇಕೆಂಬ ಭಯಕ್ಕೆ ಎಷ್ಟೋ ಜನ ರಸ್ತೆಯಲ್ಲೇ ಐದು ಹತ್ತು ಸಾವಿರಕ್ಕೆ ರಾಜಿಯಾಗುತ್ತಾರೆ. ಇಲ್ಲೂ ಮಾತು ಅದೇ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಪ್ರಕಾರ ಪರಿಹಾರದ ಅರ್ಜಿಯನ್ನು ಅಪಘಾತವಾದ ಜಾಗದಲ್ಲೇ ಹಾಕಬೇಕೆಂದಿಲ್ಲ, ಅರ್ಜಿದಾರ ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಇದು 1994ರಿಂದ ಇರುವ ಅವಕಾಶ. "ಅಪಘಾತದ ಕೇಸಿಗೆ ಗಡುವೇ ಇಲ್ಲ" ಎಂದು ಹಿರಿಯರು ಹೇಳುವುದುಂಟು. ಅದು ಆಗ ನಿಜವಿತ್ತು. 2022ರ ಏಪ್ರಿಲ್ 1ರಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ ಬಂದಿದೆ.

ಪೊಲೀಸ್ ದೂರಿಗೂ ಗಡಿಯ ಅಡ್ಡಿ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಅಪರಾಧ ಎಲ್ಲಿ ನಡೆದಿದ್ದರೂ ಹತ್ತಿರದ ಠಾಣೆ ದೂರು ಬರೆದುಕೊಳ್ಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಗಾಯಾಳುವನ್ನು ಆದೋನಿಗೆ ಕರೆತಂದಿದ್ದರೆ ಇಲ್ಲಿಯೇ ದೂರು ಕೊಡಿ, ಅವರು ಆ ಕಡೆಯ ಠಾಣೆಗೆ ಕಳಿಸುತ್ತಾರೆ.

ಗುದ್ದಿ ಓಡಿಹೋದ ಗಾಡಿಯ ಸುಳಿವೇ ಸಿಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಸರ್ಕಾರದ ಯೋಜನೆಯಿಂದ ಬರುತ್ತದೆ. ಆದರೆ ಇದೊಂದಕ್ಕೆ ಮಾತ್ರ ಅಪಘಾತವಾದ ತಾಲೂಕಿನ ಕಂದಾಯ ಅಧಿಕಾರಿಗೇ ಅರ್ಜಿ ಕೊಡಬೇಕು, ಅಷ್ಟು ದೂರ ಹೋಗಲೇಬೇಕು.

ಕೂಲಿ ಮಾಡುವವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು ಎಂದು ಕೇಳುತ್ತಾರೆ. ಕರ್ನಾಟಕದ ಒಬ್ಬ ಕೂಲಿಕಾರರು ತಮ್ಮ ಆದಾಯ ತಿಂಗಳಿಗೆ 4,500 ಎಂದಿದ್ದರು. ದಾಖಲೆಯಿಲ್ಲವೆಂದು ನ್ಯಾಯಮಂಡಳಿ 3,000 ಹಿಡಿಯಿತು. 2011ರಲ್ಲಿ ಸುಪ್ರೀಂ ಕೋರ್ಟು, ಕೂಲಿಯವರಿಂದ ಆದಾಯದ ದಾಖಲೆ ನಿರೀಕ್ಷಿಸಲಾಗದು ಎಂದು ಅವರು ಹೇಳಿದ 4,500ನ್ನೇ ಒಪ್ಪಿತು. ಮೇಸ್ತ್ರಿಯ ಅಥವಾ ಹೊಲದ ಯಜಮಾನರ ಸಾಕ್ಷಿ ಇದ್ದರೆ ಇನ್ನೂ ಒಳ್ಳೆಯದು.

ನನಗೆ ನಿಜವಾಗಿ ಹೆದರಿಕೆ ಇರುವುದು ಟ್ರ್ಯಾಕ್ಟರು, ಗೂಡ್ಸ್ ಗಾಡಿಗಳ ಬಗ್ಗೆ. ಹತ್ತಿ, ಮೆಣಸಿನಕಾಯಿ ಸುಗ್ಗಿಯಲ್ಲಿ ನಮ್ಮ ಹೆಣ್ಣುಮಕ್ಕಳು ಟ್ರೈಲರಿನಲ್ಲಿ ನಿಂತೇ ಹೋಗುತ್ತಾರೆ. ಮಾಲು ಸಾಗಿಸುವ ಗಾಡಿಯಲ್ಲಿ ಸುಮ್ಮನೆ ಹತ್ತಿ ಕೂತವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ತೀರ್ಪು ಕೊಟ್ಟಿದೆ. ಪರಿಹಾರವೆಂದು ಬರೆದರೂ ಅದನ್ನು ಗಾಡಿಯ ಮಾಲೀಕನಿಂದಲೇ ವಸೂಲು ಮಾಡಬೇಕಾಗಬಹುದು, ಅವನೂ ನಮ್ಮಂತೆಯೇ ಸಾಲದಲ್ಲಿರುವ ರೈತನಾಗಿರುತ್ತಾನೆ. ಕೆಲಸಕ್ಕೆ ಕರೆಯುವ ಮೇಸ್ತ್ರಿಗೆ ಮೊದಲೇ ಹೇಳಿ: ಪ್ರಯಾಣಿಕರ ಪರವಾನಗಿ ಮತ್ತು ಚಾಲ್ತಿ ವಿಮೆ ಇರುವ ಗಾಡಿ ತರಲಿ. ಬಾಡಿಗೆ ಸ್ವಲ್ಪ ಹೆಚ್ಚಾಗುತ್ತದೆ ಎಂಬುದು ನನಗೂ ಗೊತ್ತು.

ಒಂದು ಕೆಲಸ ನಮ್ಮ ಸಂಘದಿಂದಲೇ ಆಗುತ್ತದೆ. ಸಿರುಗುಪ್ಪ, ಬಳ್ಳಾರಿಯ ಠಾಣೆಗಳ ಕಾಗದ ಕನ್ನಡದಲ್ಲಿರುತ್ತದೆ, ಇಲ್ಲಿಯ ನ್ಯಾಯಾಲಯಕ್ಕೆ ತೆಲುಗು ಅಥವಾ ಇಂಗ್ಲಿಷಿನಲ್ಲಿ ಬೇಕು. ಅನುವಾದಕ್ಕೆಂದು ದುಡ್ಡು ಕೊಟ್ಟು ಅಲೆಯಬೇಡಿ. ನಮ್ಮ ಸದಸ್ಯರಲ್ಲಿ ನಿವೃತ್ತ ಕನ್ನಡ ಮಾಧ್ಯಮದ ಮೇಷ್ಟ್ರುಗಳಿದ್ದಾರೆ, ಮೂರೂ ಭಾಷೆ ಬಲ್ಲವರು, ಬರೆದುಕೊಡಲು ಒಪ್ಪಿದ್ದಾರೆ. ವಕೀಲರು ಅದನ್ನು ನೋಡಿ ದೃಢೀಕರಿಸಿಕೊಂಡರೆ ಸಾಕು.

ಕುಕ್ಕರಿನ ಸದಸ್ಯರ ಆಸ್ಪತ್ರೆ ಚೀಟಿಗಳು ಅವರ ಅತ್ತೆಯ ಟ್ರಂಕಿನಲ್ಲಿ ಸಿಕ್ಕಿವೆ. ಬಳ್ಳಾರಿ ಅಂಗಡಿಗೆ ಫೋನಿನಲ್ಲಿ ಹಣ ಕಳಿಸಿದ ದಾಖಲೆಯನ್ನು ಮಗ ಹುಡುಕುತ್ತಿದ್ದಾನೆ. ತಡವನ್ನು ಮನ್ನಿಸಲು ಕೋರಿ ಅರ್ಜಿ ಬರೆಯುತ್ತಿದ್ದೇವೆ. ಏನಾಗುತ್ತದೆಂದು ಇದೇ ಪುಟದಲ್ಲಿ ತಿಳಿಸುತ್ತೇನೆ. ಮುಂದಿನ ಮಾಸಿಕ ಸಭೆಗೆ ಬರುವಾಗ ಮನೆಯ ಗ್ಯಾಸ್ ಪುಸ್ತಕ ಮತ್ತು ಗಾಡಿಯ ವಿಮೆಯ ಪ್ರತಿ ತನ್ನಿ, ಚಹಾದ ಹೊತ್ತಿಗೆ ಕೂತು ನೋಡೋಣ.

ಕಾರ್ಯದರ್ಶಿ